ಕ್ವಾರ್ಟರ್ಸ್ ಮನೆಯ ಅಡುಗೆ ಕಟ್ಟೆ

ನಮ್ಮೆಜಮಾನರದು ಎಫ್‌ಡಿಎ ಕೆಲಸ. 26 ವರ್ಷದಲ್ಲಿ ಐದು ಸರ್ಕಾರಿ ಕ್ವಾರ್ಟರ್ಸ್ ಕಂಡಿದ್ದೇವೆ. ಹೊಸ ಮನೆಗೆ ಹೋದಾಗ ನಾನು ಮೊದಲು ನೋಡುವುದು ಅಡುಗೆ ಕಟ್ಟೆ. ಈಗಿನದು ಎಷ್ಟು ತಗ್ಗಿತ್ತೆಂದರೆ, ನಾಲ್ಕು ರೊಟ್ಟಿ ತಟ್ಟುವಷ್ಟರಲ್ಲಿ ಸೊಂಟ ಬಿದ್ದುಹೋಗುತ್ತಿತ್ತು. ಎತ್ತರಿಸಿಕೊಡಿ ಎಂದು ಅರ್ಜಿ ಕೊಟ್ಟೆವು. ‘ಅನುದಾನ ಬರಲಿ, ನೋಡೋಣ’ ಎಂದರು. ಎರಡು ಮಳೆಗಾಲ ಕಳೆದವು. ಕೊನೆಗೆ ಚೀಟಿ ಎತ್ತಿ, ಗಾರೆಯವರನ್ನು ಕರೆಸಿ, ಕಟ್ಟೆ ಎತ್ತರಿಸಿ ಗ್ರಾನೈಟ್ ಹಾಕಿಸಿದೆ. ಜೊತೆಗೆ ಕಿಟಕಿಗೆ ಸೊಳ್ಳೆ ಜಾಲರಿ, ಅತ್ತೆಯವರು ಜಾರಿ ಬೀಳದಿರಲೆಂದು ಬಚ್ಚಲಿಗೆ ಒರಟು ಟೈಲ್ಸ್. ಒಟ್ಟು 18,000 ರೂಪಾಯಿ. ಹದಿನೈದೇ ದಿನಕ್ಕೆ ನೋಟಿಸ್ ಬಂತು: ಅನುಮತಿಯಿಲ್ಲದೆ ಸರ್ಕಾರಿ ಕಟ್ಟಡದ ಮಾರ್ಪಾಡು! ಸೋರುವ ಸೂರಿನ ಅರ್ಜಿಗೆ ಮಾತ್ರ ಇವತ್ತಿಗೂ ಉತ್ತರವಿಲ್ಲ.

ನಿಯಮವೇ ಬೇಡ ಎನ್ನುತ್ತಿಲ್ಲ. ಗೋಡೆ ಒಡೆದು ಕೋಣೆ ದೊಡ್ಡದು ಮಾಡಿಕೊಂಡ ಮಹಾನುಭಾವರನ್ನೂ ನೋಡಿದ್ದೇನೆ. ಆದರೆ ನಾವೇನು ಪುಕ್ಕಟೆ ಇಲ್ಲ. ಕ್ವಾರ್ಟರ್ಸ್‌ನಲ್ಲಿ ಇರುವವರಿಗೆ ಮನೆ ಬಾಡಿಗೆ ಭತ್ಯೆ ಸಿಗುವುದಿಲ್ಲ. ಬೇರೆ ಕಡೆ ನೋಡಿ: ಇಂಗ್ಲೆಂಡಿನಲ್ಲಿ ಕೌನ್ಸಿಲ್ (ಸ್ಥಳೀಯ ಸಂಸ್ಥೆ) ಮನೆಯ ಖಾಯಂ ಬಾಡಿಗೆದಾರ ಸುಧಾರಣೆಗೆ ಒಪ್ಪಿಗೆ ಕೇಳಿದರೆ, ಸಕಾರಣವಿಲ್ಲದೆ ನಿರಾಕರಿಸುವಂತಿಲ್ಲ ಎನ್ನುತ್ತದೆ 1985ರ ವಸತಿ ಕಾಯ್ದೆ. ಮನೆ ಬಿಡುವಾಗ ಕೆಲವು ಕೆಲಸಗಳಿಗೆ ಪರಿಹಾರವೂ ಉಂಟು.

ನನಗೆ ಪರಿಹಾರ ಬೇಡ. ಜಾಲರಿ, ಟೈಲ್ಸ್, ಕಟ್ಟೆಯಂಥ ಸಣ್ಣ ಕೆಲಸಗಳ ಅರ್ಜಿಗೆ 30 ದಿನದೊಳಗೆ ಹೌದು ಅಥವಾ ಇಲ್ಲ ಎನ್ನಲಿ. ಸುಮ್ಮನಿದ್ದರೆ ಒಪ್ಪಿಗೆಯೆಂದೇ ಲೆಕ್ಕವಾಗಲಿ. ನಮ್ಮೆಜಮಾನರಿಗೆ ಮತ್ತೆ ವರ್ಗವಾಗುವ ಸುದ್ದಿಯಿದೆ. ಗ್ರಾನೈಟನ್ನು ಕಿತ್ತು ಲಾರಿಗೆ ಹೇರುವುದಿಲ್ಲ, ಅದು ಮುಂದೆ ಬರುವವಳಿಗೇ ಇರಲಿ.