ತಪ್ಪಿಸಿಕೊಂಡ ಬೆಕ್ಕು ಮತ್ತು ನಮ್ಮ ಉತ್ಸಾಹ

ನಮ್ಮ ಬೀದಿಯ ಒಂದು ಮನೆಯವರು ಕಳೆದ ವರ್ಷ ಪ್ರಾಣಿಗಳ ಆಶ್ರಯಧಾಮದಿಂದ ಒಂದು ಹೆಣ್ಣು ಬೆಕ್ಕನ್ನು ತಂದು ಸಾಕಿಕೊಂಡರು. ಪ್ರಾಯ ಸುಮಾರು ಒಂದು ವರ್ಷ, ಬಣ್ಣ ಬೂದಿ, ಸ್ವಭಾವ ಬಹಳ ಪುಕ್ಕಲು. ಬಂದ ದಿನದಿಂದ ಅದು ಮಂಚದ ಕೆಳಗಿನ ಮೂಲೆಯನ್ನು ಬಿಟ್ಟು ಕದಲಿರಲಿಲ್ಲ. ಮೂರನೆಯ ದಿನ ಅಡಿಗೆಯ ಗ್ಯಾಸ್ ಸಿಲಿಂಡರು ತಂದವನಿಗೆ ಬಾಗಿಲು ತೆರೆದರು. ಸಿಲಿಂಡರು ನೆಲಕ್ಕೆ ತಗುಲಿದ ಸದ್ದಿಗೆ ಬೆಕ್ಕು ಬೆದರಿ, ಅವನ ಕಾಲುಗಳ ನಡುವೆಯೇ ನುಸುಳಿ ಹೊರಬಿದ್ದಿತು. ಅರ್ಧ ಗಂಟೆಯೊಳಗೆ ಬೀದಿಯ ಹುಡುಗ ಹುಡುಗಿಯರೆಲ್ಲ ನೆರೆದರು. ಹೈಸ್ಕೂಲಿನವರು, ಕಾಲೇಜಿನವರು ಸೇರಿ ಇಪ್ಪತ್ತು ಮಂದಿಗೆ ಕಡಮೆ ಇರಲಿಲ್ಲ. ಒಬ್ಬನು ಕಾಂಪೌಂಡು ಗೋಡೆಯನ್ನು ಹತ್ತಿದನು. ಒಬ್ಬಳು ಹಾಲಿನ ತಟ್ಟೆಯನ್ನು ಹಿಡಿದು ನಿಂತಳು. ಉಳಿದವರು, ಬೆಕ್ಕಿಗೆ ಎರಡು ದಿನದ ಹಿಂದಷ್ಟೇ ಇಟ್ಟಿದ್ದ ಹೆಸರನ್ನು ಬೀದಿಯ ಆ ತುದಿಯಿಂದ ಈ ತುದಿಯವರೆಗೆ ಕೂಗುತ್ತ ಓಡಾಡಿದರು. ಕತ್ತಲಾಗುವವರೆಗೂ ಹುಡುಕಿದರು. ಬೆಕ್ಕು ಸಿಗಲಿಲ್ಲ. "ಎಲ್ಲಿಯೋ ದೂರ ಹೊರಟುಹೋಗಿದೆ" ಎಂದು ಕೆಲವರು, "ಬೆಕ್ಕಲ್ಲವೇ, ತಾನಾಗಿಯೇ ಬರುತ್ತದೆ ಬಿಡಿ" ಎಂದು ಕೆಲವರು ಹೇಳಿ ಮನೆಗಳಿಗೆ ಹೋದರು.

ಈ ಎರಡು ಮಾತುಗಳಲ್ಲಿ ಯಾವುದೂ ನಿಜವಾಗಿರಲಿಲ್ಲವೆಂಬುದು ಆಮೇಲೆ ತಿಳಿಯಿತು. ಅದು ಹಾಗಿರಲಿ, ನಾವು ಇಲ್ಲಿ ಹೇಳಹೊರಟಿರುವುದು ಆ ಮಕ್ಕಳ ಉತ್ಸಾಹದ ವಿಷಯ. ಅವರ ಕರುಣೆಯನ್ನು ನಾವು ಹಳಿಯುವುದಿಲ್ಲ. ಆದರೆ ಹೊಸದಾಗಿ ಬಂದ ಪುಕ್ಕಲು ಬೆಕ್ಕೊಂದು ತಪ್ಪಿಸಿಕೊಂಡಾಗ ನೆರೆಹೊರೆಯವರು ಒಳ್ಳೆಯ ಮನಸ್ಸಿನಿಂದ ಮಾಡುವ ಸಹಾಯದಲ್ಲಿ ಬಹುಭಾಗ ಆ ಬೆಕ್ಕನ್ನು ಇನ್ನಷ್ಟು ಕಳೆದುಹೋಗುವಂತೆ ಮಾಡುತ್ತದೆ ಎಂಬುದು ನಮ್ಮ ಅಭಿಪ್ರಾಯ. ಇದಕ್ಕೆ ಕಾರಣವನ್ನು ಬೆಕ್ಕಿನ ಶರೀರದಲ್ಲಿಯೇ ಹುಡುಕಬೇಕು.

ರಾಂಟ್ಜನ್ ಎಕ್ಸ್ ಕಿರಣಗಳನ್ನು ಕಂಡುಹಿಡಿದುದು ೧೮೯೫ರಲ್ಲಿ. ಅದರ ಮರುವರ್ಷವೇ ಅಮೆರಿಕದ ಹಾರ್ವರ್ಡಿನಲ್ಲಿ ವಾಲ್ಟರ್ ಕ್ಯಾನನ್ ಎಂಬ ವೈದ್ಯವಿದ್ಯಾರ್ಥಿಯು, ಎಂದರೆ ನಮ್ಮ ವಾಚಕರಲ್ಲಿ ಅನೇಕರಿಗಿಂತ ಕೆಲವೇ ವರ್ಷ ಹಿರಿಯನಾದ ತರುಣನು, ಆ ಕಿರಣಗಳ ನೆರವಿನಿಂದ ಜೀರ್ಣಕ್ರಿಯೆಯನ್ನು ಕಣ್ಣಾರೆ ನೋಡಲು ತೊಡಗಿದನು. ಬೆಕ್ಕಿಗೆ ಬಿಸ್ಮತ್ ಲವಣ ಬೆರೆಸಿದ ಆಹಾರವನ್ನು ತಿನ್ನಿಸಿ, ಅದರ ಜಠರದ ಚಲನೆಯನ್ನು ಪರದೆಯ ಮೇಲೆ ಗಮನಿಸಿದನು. ಬೆಕ್ಕು ಶಾಂತವಾಗಿದ್ದಾಗ ಜಠರದ ಗೋಡೆಯಲ್ಲಿ ಅಲೆಯ ಹಿಂದೆ ಅಲೆ ಸಾಗುತ್ತಿದ್ದಿತು. ಅದು ಕಳವಳಗೊಂಡು ಕೊಸರಾಡಿದೊಡನೆ ಅಲೆಗಳು ನಿಂತುಬಿಡುತ್ತಿದ್ದವು; ಸಮಾಧಾನವಾದ ಮೇಲೆ ಮತ್ತೆ ಮೊದಲಾಗುತ್ತಿದ್ದವು. ೧೮೯೮ರಲ್ಲಿ ಅವನು ಇದನ್ನು ಪ್ರಕಟಿಸಿದನು. ಮುಂದೆ ೧೯೧೧ರಲ್ಲಿ ಅವನೂ ಅವನ ಸಹೋದ್ಯೋಗಿಯೊಬ್ಬನೂ ನಾಯಿಯ ಬೊಗಳಿಕೆಗೆ ಬೆದರಿದ ಬೆಕ್ಕಿನ ರಕ್ತದಲ್ಲಿ ಅಡ್ರಿನಲ್ ಗ್ರಂಥಿಗಳ ಸ್ರಾವ ಬಂದು ಸೇರುವುದನ್ನು ತೋರಿಸಿದರು. ಈ ಪ್ರಯೋಗಗಳ ವಿವರಗಳನ್ನು ಓದುವಾಗ ಆ ಬೆಕ್ಕುಗಳ ವಿಷಯದಲ್ಲಿ ಮರುಕವಾಗದೆ ಇರದು. ಆದರೆ ಅವುಗಳಿಂದ ತಿಳಿದುದನ್ನು ಇನ್ನೊಂದು ಬೆಕ್ಕಿನ ಪ್ರಾಣ ಉಳಿಸುವುದಕ್ಕೂ ಬಳಸದೆ ಹೋದರೆ ಅದು ಎರಡನೆಯ ಅನ್ಯಾಯವಾದೀತು.

ಹಾಲಿನ ತಟ್ಟೆ ಹಿಡಿದಿದ್ದ ಹುಡುಗಿಯ ಬಳಿಗೆ ಬೆಕ್ಕು ಏಕೆ ಬರಲಿಲ್ಲವೆಂಬುದು ಈಗ ಸ್ಪಷ್ಟವಾಗುತ್ತದೆ. ಭಯಗೊಂಡ ಬೆಕ್ಕಿಗೆ ಹಸಿವಿನ ಮಾತೇ ಇಲ್ಲ. ಅದರ ಹೃದಯ ವೇಗವಾಗಿ ಬಡಿಯುತ್ತದೆ, ಕಣ್ಣುಪಾಪೆಗಳು ಅಗಲವಾಗುತ್ತವೆ, ರಕ್ತವು ಹೊಟ್ಟೆಯ ಕಡೆಯಿಂದ ಮಾಂಸಖಂಡಗಳ ಕಡೆಗೆ ಹರಿಯುತ್ತದೆ. ಬೆಕ್ಕು ಬೇಟೆಗಾರ ಪ್ರಾಣಿಯೆಂಬುದು ಎಲ್ಲರಿಗೂ ಗೊತ್ತು. ಅದು ತನಗಿಂತ ದೊಡ್ಡ ಪ್ರಾಣಿಗಳಿಗೆ ಬೇಟೆಯೂ ಹೌದೆಂಬುದನ್ನು ನಾವು ಮರೆಯುತ್ತೇವೆ. ಹಾಗೆ ಎರಡು ಕಡೆಯೂ ಬಾಳಬೇಕಾದ ಸಣ್ಣ ಪ್ರಾಣಿಗೆ ಉಳಿವಿನ ಉಪಾಯವೆಂದರೆ ಹತ್ತಿರದ ಸಂದಿಯೊಂದನ್ನು ಹೊಕ್ಕು, ಸದ್ದಿಲ್ಲದೆ, ಅಲುಗದೆ ಕುಳಿತಿರುವುದು. ಕೂಗಿದರೆ ತಾನಿರುವ ಜಾಗ ವೈರಿಗೆ ತಿಳಿಯುತ್ತದೆ. ಆದುದರಿಂದ ಅದು ಎರಡು ಮಾರು ದೂರದಲ್ಲಿ ತನ್ನ ಒಡೆಯನ ಕಾಲುಗಳನ್ನು ಕಂಡರೂ ಮಿಯಾಂವ್ ಎನ್ನುವುದಿಲ್ಲ.

ಹೆಸರು ಹಿಡಿದು ಕರೆಯುವುದರಿಂದಲೂ ಪ್ರಯೋಜನವಿಲ್ಲ. ಜಪಾನಿನ ಇಬ್ಬರು ಶಾಸ್ತ್ರಜ್ಞರು ೨೦೧೩ರಲ್ಲಿ ೨೦ ಸಾಕುಬೆಕ್ಕುಗಳಿಗೆ ಅವುಗಳ ಮನೆಗಳಲ್ಲಿಯೇ ಒಡೆಯರ ಧ್ವನಿಯನ್ನೂ ಅಪರಿಚಿತರ ಧ್ವನಿಯನ್ನೂ ಯಂತ್ರದ ಮೂಲಕ ಕೇಳಿಸಿ ಪರೀಕ್ಷಿಸಿದುದನ್ನು ಪ್ರಕಟಿಸಿದ್ದಾರೆ. ಬೆಕ್ಕುಗಳಿಗೆ ಒಡೆಯನ ಧ್ವನಿಯ ಗುರುತು ಇದ್ದೇ ಇದ್ದಿತು. ಆದರೆ ಅವು ಗುರುತನ್ನು ತೋರಿಸಿದುದು ಕಿವಿ ಆಡಿಸಿ, ತಲೆ ತಿರುಗಿಸಿ; ಎದ್ದು ಬಂದೋ ಕೂಗಿಯೋ ಉತ್ತರ ಕೊಟ್ಟುದು ತೀರ ವಿರಳ. ತಮ್ಮ ಮನೆಯಲ್ಲಿ ನಿಶ್ಚಿಂತೆಯಾಗಿರುವ ಬೆಕ್ಕುಗಳ ನಡತೆಯೇ ಹೀಗಿರುವಾಗ, ಎರಡು ದಿನದ ಹಿಂದೆ ಬಂದ ಬೆಕ್ಕಿಗೆ ಯಾರ ಧ್ವನಿಯ ಗುರುತಿದೆ? ತನ್ನ ಹೆಸರು ಅದೆಂಬುದಾದರೂ ಅದಕ್ಕೆ ಹೇಗೆ ತಿಳಿಯಬೇಕು? ಬೆಕ್ಕಿನ ಕಿವಿ ಸೆಕೆಂಡಿಗೆ ೮೫,೦೦೦ ಕಂಪನಗಳವರೆಗಿನ ಶಬ್ದವನ್ನು ಹಿಡಿಯಬಲ್ಲುದು. ನಮ್ಮ ಕಿವಿಯ ಮಿತಿ ೨೦,೦೦೦. ಅಷ್ಟು ಸೂಕ್ಷ್ಮವಾದ ಕಿವಿಯಿರುವ ಪ್ರಾಣಿಯ ಸುತ್ತ ಇಪ್ಪತ್ತು ಮಂದಿ ಕೂಗಿದರೆ ಅದಕ್ಕೆ ಅದು ಕರೆಯೆಂದಲ್ಲ, ದಂಡೆತ್ತಿ ಬಂದಂತೆ ತೋರುತ್ತದೆ.

ತೆನಾಲಿ ರಾಮಕೃಷ್ಣನ ಬೆಕ್ಕಿನ ಕಥೆಯನ್ನು ಕೇಳದವರಿಲ್ಲ. ಒಂದು ಸಲ ಕುದಿಯುವ ಹಾಲಿಗೆ ಬಾಯಿಟ್ಟ ಆ ಬೆಕ್ಕು ಆಮೇಲೆ ಹಾಲನ್ನು ಕಂಡರೇ ಓಡುತ್ತಿದ್ದಿತು. ಕಥೆ ವಿನೋದಕ್ಕಾಗಿ ಹುಟ್ಟಿದುದಾದರೂ ಅದರೊಳಗಿನ ಪ್ರಾಣಿಶಾಸ್ತ್ರ ಸರಿಯಾಗಿಯೇ ಇದೆ: ಭಯದ ಪಾಠವನ್ನು ಕಲಿಯಲು ಒಂದೇ ಅನುಭವ ಸಾಕು. ಅಡಗಿರುವ ಬೆಕ್ಕನ್ನು ಉತ್ಸಾಹಿಯೊಬ್ಬನು ಬಾಲ ಹಿಡಿದು ಎಳೆಯಹೋದರೆ, ಬೆಕ್ಕು ಪರಚಿ ಓಡುತ್ತದೆ. ಆ ಅಡಗುತಾಣಕ್ಕೆ ಮತ್ತೆ ಬರುವುದು ಸಂಶಯ. ಮನೆಯಿಂದ ಹತ್ತು ಹೆಜ್ಜೆಯಲ್ಲಿದ್ದುದು ಎರಡು ಬೀದಿ ಆಚೆ ಹೋಗುತ್ತದೆ. ಅಲ್ಲಿ ಬೀದಿನಾಯಿಗಳಿವೆ, ಮೋಟಾರುಗಳಿವೆ, ಆ ಪ್ರದೇಶವನ್ನು ತಮ್ಮದೆಂದುಕೊಂಡ ಬೇರೆ ಬೆಕ್ಕುಗಳಿವೆ. ಇದನ್ನೇ ನಾವು ಮೇಲೆ ಅಪಾಯವೆಂದುದು.

ಇನ್ನು, ಬೆಕ್ಕು ತಾನಾಗಿಯೇ ಬರುತ್ತದೆಂಬ ಮಾತು. ಹಳ್ಳಿಗಳಲ್ಲಿ ಕಾಟ ಕೊಡುವ ಬೆಕ್ಕನ್ನು ಗೋಣಿಚೀಲದಲ್ಲಿ ಕಟ್ಟಿ ಊರಾಚೆ ಬಿಟ್ಟರೆ, ಬಿಟ್ಟುಬಂದವನಿಗಿಂತ ಮುಂಚೆಯೇ ಅದು ಅಡಿಗೆಮನೆಯಲ್ಲಿ ಕುಳಿತಿರುತ್ತದೆಂದು ಹೇಳುವುದುಂಟು. ಉತ್ಪ್ರೇಕ್ಷೆಯನ್ನು ಕಳೆದರೂ ಅದರಲ್ಲಿ ಸತ್ಯಾಂಶವಿದೆ. ಆದರೆ ಅಲ್ಲಿ ಮರಳಿ ಬರುವುದು ಹುಟ್ಟಿ ಬೆಳೆದ ಮನೆಯನ್ನೂ ಸುತ್ತಲಿನ ಹಿತ್ತಿಲುಗಳನ್ನೂ ಬಲ್ಲ ಬೆಕ್ಕು. ನಮ್ಮ ಬೂದಿ ಬೆಕ್ಕಿಗೆ ತಿಳಿದಿದ್ದುದು ಮಂಚದ ಕೆಳಗಿನ ಕತ್ತಲು ಮಾತ್ರ. ಆ ಮನೆಯ ಹೊರಗೋಡೆ ಯಾವ ಬಣ್ಣದ್ದೆಂಬುದನ್ನೂ ಅದು ನೋಡಿರಲಿಲ್ಲ. ಮನೆಯೆಂದು ಯಾವುದಕ್ಕೆ ಮರಳಬೇಕು? ಕಾದು ನೋಡೋಣವೆನ್ನಲು ಕಾಲವೂ ಇಲ್ಲ. ಹಲವು ದಿನ ಉಪವಾಸವಿದ್ದ ಬೆಕ್ಕಿನ ಯಕೃತ್ತಿನಲ್ಲಿ ಕೊಬ್ಬು ತುಂಬಿಕೊಂಡು ಪ್ರಾಣಕ್ಕೇ ಕುತ್ತು ಬರಬಹುದು. ಮೈತುಂಬಿಕೊಂಡ ಬೆಕ್ಕುಗಳಿಗೆ ಈ ಭಯ ಹೆಚ್ಚು.

ಹಾಗಾದರೆ ಎಲ್ಲಿ ಹುಡುಕಬೇಕು? ಆಸ್ಟ್ರೇಲಿಯದ ಕ್ವೀನ್ಸ್‌ಲೆಂಡ್ ವಿಶ್ವವಿದ್ಯಾನಿಲಯದ ಪಶುವೈದ್ಯ ಸಂಶೋಧಕರೂ ಅವರ ಸಹೋದ್ಯೋಗಿಗಳೂ ೨೦೧೮ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ಇಲ್ಲಿ ಬಹಳ ಉಪಯುಕ್ತವಾದುದು. ಬೆಕ್ಕು ಕಳೆದುಕೊಂಡವರಿಂದ ಪ್ರಶ್ನಾವಳಿಯ ಮೂಲಕ ೧,೨೧೦ ಬೆಕ್ಕುಗಳ ವೃತ್ತಾಂತವನ್ನು ಅವರು ಸಂಗ್ರಹಿಸಿದರು. ಒಂದು ವರ್ಷದೊಳಗೆ ದೊರೆತವು ನೂರಕ್ಕೆ ೬೧; ಮೊದಲ ಏಳು ದಿನಗಳಲ್ಲಿಯೇ ಜೀವಂತವಾಗಿ ದೊರೆತವು ನೂರಕ್ಕೆ ೩೪; ತೊಂಬತ್ತು ದಿನ ಕಳೆದ ಮೇಲೆ ಸಿಕ್ಕವು ಬಹಳ ಕಡಮೆ. ದೊರೆತವುಗಳಲ್ಲಿ ಮುಕ್ಕಾಲು ಪಾಲು, ತಪ್ಪಿಸಿಕೊಂಡ ಸ್ಥಳದಿಂದ ೫೦೦ ಮೀಟರಿನೊಳಗೇ ಇದ್ದವು. ಹೊರಗೆ ಅಡ್ಡಾಡಿ ರೂಢಿಯಿದ್ದ ಬೆಕ್ಕುಗಳನ್ನೂ ಮನೆಯೊಳಗೇ ಇದ್ದ ಬೆಕ್ಕುಗಳನ್ನೂ ಬೇರ್ಪಡಿಸಿ ನೋಡಿದಾಗಲಂತೂ ಅಂತರ ಎದ್ದು ಕಾಣುತ್ತದೆ: ಮೊದಲಿನವುಗಳಲ್ಲಿ ಮುಕ್ಕಾಲು ಪಾಲು ಹೋದ ದೂರದ ಮಿತಿ ೧,೬೦೯ ಮೀಟರು, ಎರಡನೆಯವುಗಳದು ೧೩೭ ಮೀಟರು.

ವಿದ್ಯಾರ್ಥಿಗಳು ಈ ಸಂಖ್ಯೆಗಳನ್ನು ಸ್ವಲ್ಪ ಎಚ್ಚರಿಕೆಯಿಂದ ನೋಡುವುದು ಒಳ್ಳೆಯದು. ೧,೬೦೯ ಮೀಟರೆಂದರೆ ಸರಿಯಾಗಿ ಒಂದು ಮೈಲಿ. ೧೩೭ ಮೀಟರೆಂದರೆ ಸರಿಯಾಗಿ ೧೫೦ ಗಜ. ಜನರು ಅಂದಾಜಿನಿಂದ ಹೇಳಿದ ದೂರವೇ ಮೀಟರಿನ ಉಡುಪು ತೊಟ್ಟು ಇಷ್ಟು ಖಚಿತವಾಗಿ ಕಾಣುತ್ತಿದೆಯೆಂದು ನಮ್ಮ ಊಹೆ. ಉತ್ತರ ಕೊಟ್ಟವರು ತಾವಾಗಿಯೇ ಮುಂದೆ ಬಂದವರು. ನಮ್ಮ ಒತ್ತೊತ್ತಾದ ಬೀದಿಗಳಿಗೆ ಆ ಅಂಕಿಗಳು ಹಾಗೆಯೇ ಅನ್ವಯಿಸುತ್ತವೆಂದು ಹೇಳಲಾಗದು. ಕಾಲ್ನಡಿಗೆಯಲ್ಲಿ ಹುಡುಕುವುದರಿಂದ ಬೆಕ್ಕು ಜೀವಂತವಾಗಿ ಸಿಗುವ ಸಂಭವ ಹೆಚ್ಚುತ್ತದೆಂಬುದಕ್ಕೆ ಅಲ್ಲಿ ದೊರೆತ ಆಧಾರವೂ ಅಷ್ಟೇನೂ ಗಟ್ಟಿಯಾದುದಲ್ಲ. ಆದರೂ ಒಂದು ಲೆಕ್ಕವನ್ನು ಮಾಡಿ ನೋಡೋಣ. ೧,೬೦೯ ಮೀಟರು ತ್ರಿಜ್ಯದ ವೃತ್ತದ ವಿಸ್ತೀರ್ಣ ಸುಮಾರು ೨,೦೦೦ ಎಕರೆ. ೧೩೭ ಮೀಟರು ತ್ರಿಜ್ಯದ್ದು ಹದಿನೈದು ಎಕರೆಯೂ ಇಲ್ಲ. ಎರಡು ಸಾವಿರ ಎಕರೆಯನ್ನು ಯಾರೂ ಶೋಧಿಸಲಾರರು. ಹದಿನೈದು ಎಕರೆಯಲ್ಲಿರುವ ಮನೆಗಳನ್ನು ತಾಳ್ಮೆಯುಳ್ಳ ಮೂವರು ಒಂದು ವಾರದಲ್ಲಿ ಮೂಲೆ ಮೂಲೆಯಾಗಿ ನೋಡಬಲ್ಲರು. ಪುಕ್ಕಲು ಬೆಕ್ಕನ್ನು ಹುಡುಕುವುದೆಂದರೆ ದೂರ ಹೋಗುವುದಲ್ಲ, ಹತ್ತಿರದಲ್ಲಿಯೇ ಬಗ್ಗಿ ನೋಡುವುದು.

ಬಗ್ಗಿ ಎಂಬ ಮಾತನ್ನು ಅಕ್ಷರಶಃ ಹೇಳುತ್ತಿದ್ದೇವೆ. ಮೆಟ್ಟಿಲಿನ ಕೆಳಗಿನ ಗೂಡು, ಸೌದೆಯ ರಾಶಿ, ಗೋಡೆಗೆ ಒರಗಿಸಿಟ್ಟ ತಗಡು, ಕಟ್ಟುತ್ತಿರುವ ಮನೆಯ ಇಟ್ಟಿಗೆಗಳ ಸಂದಿ, ನಿಂತ ಕಾರಿನ ಅಡಿ, ಮೋರಿಯ ಬಾಯಿ, ಹಂಚಿನ ಮನೆಯಾದರೆ ಅಟ್ಟ. ಇವುಗಳನ್ನು ನೆಲಕ್ಕೆ ಕೆನ್ನೆಯಿಟ್ಟು ನೋಡಬೇಕು. ಹಗಲಿಗಿಂತ ರಾತ್ರಿ ಲೇಸು. ಬೀದಿಯ ಸದ್ದಡಗಿದ ಮೇಲೆ, ಒಬ್ಬರು ಅಥವಾ ಇಬ್ಬರು, ಟಾರ್ಚನ್ನು ತಮ್ಮ ಕಣ್ಣಿನ ಮಟ್ಟದಲ್ಲಿಯೇ ಹಿಡಿದು ಬೆಳಕನ್ನು ನಿಧಾನವಾಗಿ ಆಡಿಸಬೇಕು. ಬೆಕ್ಕಿನ ಅಕ್ಷಿಪಟಲದ ಹಿಂದೆ ಕನ್ನಡಿಯಂಥ ಒಂದು ಪದರವಿದೆ. ಬೆಳಕು ಅದರಿಂದ ಪ್ರತಿಫಲಿಸಿ ಬಂದ ದಾರಿಯಲ್ಲಿಯೇ ಮರಳುವುದರಿಂದ, ಟಾರ್ಚು ಕಣ್ಣಿನ ಸಮೀಪದಲ್ಲಿದ್ದರೆ ಮಾತ್ರ ಕತ್ತಲಲ್ಲಿ ಎರಡು ಹಸಿರು ಚುಕ್ಕೆಗಳು ಹೊಳೆಯುವುದು ಕಾಣುತ್ತದೆ. ಕಂಡೊಡನೆ ಓಡಿಹೋಗಿ ಹಿಡಿಯತಕ್ಕದ್ದಲ್ಲ. ಬೆಳಕನ್ನು ಪಕ್ಕಕ್ಕೆ ತಿರುಗಿಸಿ, ಕುಳಿತು, ಮನೆಯವರಿಗೆ ಸುದ್ದಿ ಕಳುಹಿಸಬೇಕು. ನೆರೆಯವರ ಹಿತ್ತಿಲಿಗೆ ಹೇಳದೆ ಕೇಳದೆ ನುಗ್ಗಬಾರದೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಅವರನ್ನು ಕಂಡು, ಬೆಕ್ಕಿನ ಚಿತ್ರ ತೋರಿಸಿ, "ಕಂಡರೆ ಅಟ್ಟಬೇಡಿ, ಹಿಡಿಯಬೇಡಿ, ಒಂದು ಫೋನು ಮಾಡಿ" ಎಂದು ಕೇಳಿಕೊಳ್ಳುವುದೇ ಇಪ್ಪತ್ತು ಮಂದಿಯ ಉತ್ಸಾಹಕ್ಕೆ ತಕ್ಕ ಕೆಲಸ.

ಅಡಗುತಾಣ ತಿಳಿದ ಮೇಲೆ ಆಹಾರಕ್ಕೆ ಬೆಲೆ ಬರುತ್ತದೆ. ಮೊದಲಿನ ಭಯ ಇಳಿದಂತೆ ಹಸಿವು ಮರಳುತ್ತದೆ. ಪ್ರತಿ ರಾತ್ರಿ ಒಂದೇ ವೇಳೆಯಲ್ಲಿ ಒಂದೇ ಜಾಗದಲ್ಲಿ ವಾಸನೆಯುಳ್ಳ ಆಹಾರವಿಟ್ಟು ದೂರ ಸರಿಯಬೇಕು. ಬೆಕ್ಕು ಅಲ್ಲಿ ತಿನ್ನುವುದನ್ನು ರೂಢಿಸಿಕೊಂಡ ಬಳಿಕ ಆ ಆಹಾರವನ್ನು ಬೋನಿನೊಳಗೆ ಇಡಬಹುದು. ಬೋನೆಂದರೆ ಇಲಿಬೋನಿನ ಮಾದರಿಯ, ಕಾಲಿಟ್ಟರೆ ಬಾಗಿಲು ಬೀಳುವ ತಂತಿಯ ಪೆಟ್ಟಿಗೆ. ಅದನ್ನು ಇಟ್ಟು ಮಲಗಲು ಹೋಗಬಾರದು. ಬೇರೆ ಬೆಕ್ಕೋ ಮುಂಗುಸಿಯೋ ಸಿಕ್ಕಿಬೀಳಬಹುದು. ನಮ್ಮ ಬೆಕ್ಕೇ ಬಿದ್ದರೂ ಬೆಳಗಾಗುವವರೆಗೆ ತಂತಿಗೆ ಮುಖ ಉಜ್ಜಿ ಗಾಯ ಮಾಡಿಕೊಳ್ಳುತ್ತದೆ. ಬಾಗಿಲು ಬಿದ್ದೊಡನೆ ಬೋನಿನ ಮೇಲೆ ದಪ್ಪ ಬಟ್ಟೆ ಹೊದಿಸಿದರೆ, ಕತ್ತಲಾದೊಡನೆ ಅದು ಸುಮ್ಮನಾಗುತ್ತದೆ.

ಇಷ್ಟೆಲ್ಲ ತೊಂದರೆಯನ್ನು ಬೆಕ್ಕನ್ನು ತಂದ ದಿನವೇ ತಪ್ಪಿಸಬಹುದಾಗಿತ್ತೆಂಬುದನ್ನು ನಾವು ಮುಚ್ಚಿಡುವುದಿಲ್ಲ. ಮರಿಯು ಎರಡನೆಯ ವಾರದಿಂದ ಏಳನೆಯ ವಾರದವರೆಗೆ ಮನುಷ್ಯರ ಕೈಯಲ್ಲಿ ಆಡದಿದ್ದರೆ ಬೆಳೆದ ಮೇಲೆ ಜನರಿಗೆ ಅಂಜುತ್ತದೆ. ಅಂಥ ಬೆಕ್ಕನ್ನು ತಂದ ದಿನವೇ ಬಂಧುಗಳಿಗೆಲ್ಲ ತೋರಿಸುವ ಮನೆಗಳುಂಟು. ನೆದರ್ಲೆಂಡ್ಸಿನ ಉಟ್ರೆಕ್ಟಿನ ಸಂಶೋಧಕರು ೨೦೧೪ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಆಶ್ರಯಧಾಮಕ್ಕೆ ಹೊಸದಾಗಿ ಬಂದ ೧೯ ಬೆಕ್ಕುಗಳಲ್ಲಿ ೧೦ಕ್ಕೆ ಅಡಗಿಕೊಳ್ಳಲು ಒಂದೊಂದು ಪೆಟ್ಟಿಗೆಯನ್ನು ಕೊಟ್ಟರು, ೯ಕ್ಕೆ ಕೊಡಲಿಲ್ಲ. ಮೂರನೆಯ, ನಾಲ್ಕನೆಯ ದಿನಗಳಲ್ಲಿ ಪೆಟ್ಟಿಗೆಯಿದ್ದವು ಬಹಳ ಶಾಂತವಾಗಿದ್ದವು. ಎರಡು ವಾರ ಕಳೆಯುವ ಹೊತ್ತಿಗೆ ಎರಡು ಗುಂಪಿಗೂ ವ್ಯತ್ಯಾಸ ಉಳಿದಿರಲಿಲ್ಲ. ಎಂದರೆ ಆ ಎರಡು ವಾರಗಳೇ ಮುಖ್ಯ. ಬೀದಿಬಾಗಿಲಿಗೆ ನೇರವಾಗಿಲ್ಲದ ಒಂದು ಕೋಣೆ, ಅದರಲ್ಲಿ ಅಂಗಡಿಯವನು ಎಸೆದ ಒಂದು ರಟ್ಟಿನ ಪೆಟ್ಟಿಗೆ: ಇವೆರಡಕ್ಕೆ ಖರ್ಚೇನೂ ಇಲ್ಲ. ಬೆಕ್ಕನ್ನು ಕೊಡುವವರು ಈ ಮಾತನ್ನು ಕೊಡುವಾಗಲೇ ಹೇಳತಕ್ಕದ್ದು. ಆ ಮನೆಯವರಿಗೆ ಯಾರೂ ಹೇಳಿರಲಿಲ್ಲ.

ನಮ್ಮ ಬೀದಿಯ ಬೆಕ್ಕು ಆರನೆಯ ರಾತ್ರಿ ಕಾಣಿಸಿತು. ಹಾಲಿನ ತಟ್ಟೆ ಹಿಡಿದಿದ್ದ ಹುಡುಗಿಯೇ, ಈ ಸಲ ಒಬ್ಬಳೇ ತನ್ನ ತಂದೆಯೊಡನೆ ಟಾರ್ಚು ಹಿಡಿದು ಹೋಗಿ, ಪಕ್ಕದ ಮನೆಯ ಮೆಟ್ಟಿಲಿನ ಕೆಳಗೆ ಖಾಲಿ ಸಿಮೆಂಟು ಚೀಲಗಳ ಹಿಂದೆ ಅದರ ಕಣ್ಣುಗಳನ್ನು ಕಂಡಳು. ಬೆಕ್ಕು ಹೊರಬಿದ್ದ ಬಾಗಿಲಿನಿಂದ ಆ ಸ್ಥಳ ಹದಿನೆಂಟು ಹೆಜ್ಜೆ. ಮೊದಲ ದಿನ ಹುಡುಗರು ಆ ಮೆಟ್ಟಿಲುಗಳ ಮೇಲೆಯೇ ನಿಂತು ಕೂಗಿದ್ದರು. ಮತ್ತೆ ಮೂರು ರಾತ್ರಿ ಊಟವಿಟ್ಟು, ನಾಲ್ಕನೆಯ ರಾತ್ರಿ ಬೋನಿಟ್ಟರು. ಮನೆಯೊಳಗೆ ತಂದು ಬೋನಿನ ಬಾಗಿಲು ತೆಗೆದಾಗ ಬೆಕ್ಕು ನೇರವಾಗಿ ಮಂಚದ ಕೆಳಗೆ ಹೋಗಿ ತನ್ನ ಹಳೆಯ ಮೂಲೆಯಲ್ಲಿ ಕುಳಿತುಕೊಂಡಿತು. ಅಲ್ಲಿ ಅದಕ್ಕಾಗಿ ಒಂದು ರಟ್ಟಿನ ಪೆಟ್ಟಿಗೆಯನ್ನು ಮಗ್ಗುಲಾಗಿ ಇಟ್ಟಿದ್ದರು.