ತಾರಸಿ ಯಾರದು, ಬಿಲ್ಲು ಯಾರದು?

ಹೈದರಾಬಾದಿನ ಮಣಿಕೊಂಡದಲ್ಲಿ ಇನ್ನೂರೊಂದನೆಯ ಯೂನಿಟ್ಟಿಗೆ ಬೀಳುವ ಬೆಲೆ 207 ರೂಪಾಯಿ 70 ಪೈಸೆ. ಇದು ಅಚ್ಚಿನ ತಪ್ಪಲ್ಲ. 2022ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ತೆಲಂಗಾಣದ ಗೃಹಬಳಕೆಯ ದರಪಟ್ಟಿಯನ್ನು ಮುಂದಿಟ್ಟುಕೊಂಡರೆ ಯಾರು ಬೇಕಾದರೂ ಈ ಲೆಕ್ಕ ಮಾಡಬಹುದು. ತಿಂಗಳಿಗೆ ಸರಿಯಾಗಿ 200 ಯೂನಿಟ್ ಉರಿಸಿದ ಮನೆಗೆ ಮೊದಲ ನೂರಕ್ಕೆ 3.40ರಂತೆ, ಮುಂದಿನ ನೂರಕ್ಕೆ 4.80ರಂತೆ, ಒಟ್ಟು 820 ರೂಪಾಯಿ. ಒಂದು ಯೂನಿಟ್ ಹೆಚ್ಚಾಯಿತೋ, ಆ ಮನೆಯ ವರ್ಗವೇ ಬದಲಾಗುತ್ತದೆ. ಆಗ ಮೊದಲ ಇನ್ನೂರಕ್ಕೂ 5.10ರಂತೆ ಕೊಡಬೇಕು, ಮೇಲಿನ ಒಂದಕ್ಕೆ 7.70. ಮೊತ್ತ 1,027 ರೂಪಾಯಿ 70 ಪೈಸೆ. ಗೃಹಜ್ಯೋತಿಯಲ್ಲಿ 200 ಯೂನಿಟ್‌ವರೆಗೆ ಉಚಿತ ವಿದ್ಯುತ್ ಪಡೆಯುವ ಮನೆಗಂತೂ ಆ ಒಂದು ಯೂನಿಟ್ಟು ಸಾವಿರ ರೂಪಾಯಿ ದಾಟುತ್ತದೆ, ಏಕೆಂದರೆ ಗೆರೆ ದಾಟಿದ ತಿಂಗಳು ಪೂರ್ತಿ ಬಿಲ್ಲು ಅವರ ತಲೆಗೇ ಬರುತ್ತದೆ.

ಬಿಲ್ಲು ಬಂದಾಗ ಹೆಚ್ಚಿನವರು ನೋಡುವುದು ಕೊನೆಯ ಸಾಲಿನ ಮೊತ್ತ. ಹೋದ ತಿಂಗಳಿಗಿಂತ ಹೆಚ್ಚೋ ಕಡಿಮೆಯೋ ಅಂದುಕೊಂಡು ಫೋನಿನಲ್ಲಿ ಹಣ ಕಟ್ಟಿ ಮುಗಿಸುತ್ತಾರೆ. ಮಣಿಕೊಂಡ, ಪುಪ್ಪಾಲಗುಡದ ಫ್ಲ್ಯಾಟುಗಳಲ್ಲಿ ನೆಲೆಸಿರುವ ಕನ್ನಡದ ಸಂಸಾರಗಳಿಗೆ ಇನ್ನೊಂದು ಅಭ್ಯಾಸವೂ ಇರುತ್ತದೆ: ಬೆಂಗಳೂರಿನ ಅಣ್ಣನ ಮನೆಯ ಬಿಲ್ಲಿಗೆ ಹೋಲಿಸುವುದು. ಆ ಹೋಲಿಕೆ ದಾರಿ ತಪ್ಪಿಸುತ್ತದೆ. ಕರ್ನಾಟಕ 2024ರ ಏಪ್ರಿಲ್‌ನಿಂದ ಗೃಹಬಳಕೆಗೆ ಸ್ಲ್ಯಾಬುಗಳನ್ನೇ ತೆಗೆದುಹಾಕಿ, ಎಷ್ಟೇ ಉರಿಸಿದರೂ ಯೂನಿಟ್ಟಿಗೆ 5.90 ಎಂದು ಮಾಡಿತು. ಅದರ ಬದಲು ನಿಗದಿತ ಶುಲ್ಕವನ್ನು ಕಿಲೋವ್ಯಾಟಿಗೆ 120 ರೂಪಾಯಿಗೆ ಏರಿಸಿತು. ತೆಲಂಗಾಣದ ಸಾಮಾನ್ಯ ಮನೆಗೆ ಆ ಶುಲ್ಕ ಕಿಲೋವ್ಯಾಟಿಗೆ ಬರೇ 10 ರೂಪಾಯಿ. ಬೆಂಗಳೂರಿನವರು ಬೀಗ ಹಾಕಿಕೊಂಡು ಊರಿಗೆ ಹೋದರೂ ಬಿಲ್ಲು ಬರುತ್ತದೆ, ಮಣಿಕೊಂಡದವರಿಗೆ ಎಸಿ ಹಾಕಿದಾಗ ಬರುತ್ತದೆ.

ಸ್ಲ್ಯಾಬು ಎಂಬುದು ಬರೀ ದರವಲ್ಲ, ಅದರಲ್ಲಿ ಕಾಲದ ಲೆಕ್ಕವೂ ಇದೆ ಎಂದು ಹೈದರಾಬಾದಿಗೆ ತಿಳಿದದ್ದು 2020ರ ಜೂನ್‌ನಲ್ಲಿ. ಲಾಕ್‌ಡೌನಿನಲ್ಲಿ ಮೀಟರ್ ಓದುವವರು ಬರಲಿಲ್ಲ. ಕೊನೆಗೆ ಬಂದು ಮೂರು ತಿಂಗಳ ಯೂನಿಟ್ಟನ್ನು ಒಟ್ಟಿಗೆ ಓದಿ, ತಿಂಗಳಿಗಿಷ್ಟು ಎಂದು ಸರಾಸರಿ ಹಂಚಿದರು. ಮಾರ್ಚಿನಲ್ಲಿ ಕಡಿಮೆ ಉರಿಸಿದವರು ಮೇ ತಿಂಗಳ ಸೆಕೆಯ ದೆಸೆಯಿಂದ ಮಾರ್ಚಿಗೂ ಮೇಲಿನ ಸ್ಲ್ಯಾಬಿಗೆ ಹೋದೆವೆಂದು ಗೋಳಾಡಿದರು. ಉರಿಸಿದ ಯೂನಿಟ್ಟು ಅಷ್ಟೇ, ಹಂಚಿದ ರೀತಿ ಬೇರೆ.

ಸೋಲಾರ್ ಹಾಕಿಸಬೇಕೇ ಎಂಬ ಪ್ರಶ್ನೆಗೆ ಉತ್ತರ ಇರುವುದು ಈ ಸ್ಲ್ಯಾಬುಗಳಲ್ಲಿ. ಬೇಸಿಗೆಯಲ್ಲಿ ತಿಂಗಳಿಗೆ 350 ಯೂನಿಟ್ ಉರಿಸುವ ಒಂದು ಸಂಸಾರವನ್ನು ತೆಗೆದುಕೊಳ್ಳೋಣ. ಮೊದಲ ಇನ್ನೂರಕ್ಕೆ 1,020, ಮುಂದಿನ ನೂರಕ್ಕೆ 770, ಕೊನೆಯ ಐವತ್ತಕ್ಕೆ 9 ರೂಪಾಯಿಯಂತೆ 450. ವಿದ್ಯುತ್ತಿಗೇ 2,240 ರೂಪಾಯಿ. ಗ್ರಾಹಕ ಶುಲ್ಕ, ನಿಗದಿತ ಶುಲ್ಕ, ಯೂನಿಟ್ಟಿಗೆ 6 ಪೈಸೆಯ ತೆರಿಗೆ, ಇವೆಲ್ಲ ಬೇರೆ.

ಒಂದು ಕಿಲೋವ್ಯಾಟಿನ ಸೋಲಾರ್ ದಿನಕ್ಕೆ ಸುಮಾರು ನಾಲ್ಕು ಯೂನಿಟ್ ಕೊಡುತ್ತದೆ. ಮೋಡ, ಧೂಳು ಎಂದು ಸ್ವಲ್ಪ ಕಳೆದು ತಿಂಗಳಿಗೆ 110 ಎಂದಿಟ್ಟುಕೊಂಡರೆ, ನೆಟ್ ಮೀಟರಿಂಗಿನಲ್ಲಿ ಈ ಮನೆಯ ಲೆಕ್ಕ 240ಕ್ಕೆ ಇಳಿಯುತ್ತದೆ, ವಿದ್ಯುತ್ತಿನ ಬಾಬ್ತು 1,328 ಆಗುತ್ತದೆ. ಉಳಿತಾಯ 912 ರೂಪಾಯಿ. ಎರಡನೆಯ ಕಿಲೋವ್ಯಾಟ್ ಮನೆಯನ್ನು 130ಕ್ಕೆ ಇಳಿಸುತ್ತದೆ, ವರ್ಗವೂ ಇಳಿದು ಬಾಬ್ತು 484ಕ್ಕೆ ಬರುತ್ತದೆ. ಉಳಿತಾಯ 844. ಮೂರನೆಯದು 20ಕ್ಕೆ ಇಳಿಸುತ್ತದೆ. ಬಾಬ್ತು 39 ರೂಪಾಯಿ, ಉಳಿತಾಯ 445 ಮಾತ್ರ. ಮೊದಲನೆಯ ಕಿಲೋವ್ಯಾಟು ದುಡಿದುಕೊಟ್ಟದ್ದರ ಅರ್ಧದಷ್ಟನ್ನೂ ಮೂರನೆಯದು ಕೊಡುವುದಿಲ್ಲ. ಎಸಿ ಆರಿಸಿದ ಚಳಿಗಾಲದಲ್ಲಿ ಅದು ಇನ್ನೂ ಕಡಿಮೆ. ಬಳಸದೆ ಉಳಿದು ಜಾಲಕ್ಕೆ ಹೋದ ಯೂನಿಟ್ಟಿಗೆ ಡಿಸ್ಕಾಂ ಕೊನೆಗೆ ಕೊಡುವುದು ತನ್ನ ಖರೀದಿಯ ದರದ ಲೆಕ್ಕದಲ್ಲಿ, ಗ್ರಾಹಕ ಕಟ್ಟುವ 9 ರೂಪಾಯಿಯ ಲೆಕ್ಕದಲ್ಲಲ್ಲ. ಬೆಂಗಳೂರಿನ 2024ರ ಒಂದೇ ದರದಲ್ಲಾದರೆ 110 ಯೂನಿಟ್ಟಿನ ಬೆಲೆ ಪ್ರತಿ ಸಲವೂ 649, ಮೊದಲ ಕಿಲೋವ್ಯಾಟಾದರೂ ಅಷ್ಟೇ, ಮೂರನೆಯದಾದರೂ ಅಷ್ಟೇ.

ಆದರೆ ಮಾರಲು ಬರುವವರು ಮೂರು ಕಿಲೋವ್ಯಾಟನ್ನೇ ಮುಂದೆ ಮಾಡುತ್ತಾರೆ. ಅದಕ್ಕೆ ಕಾರಣವೂ ಇದೆ. 2024ರ ಫೆಬ್ರುವರಿಯಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಮೊದಲ ಎರಡು ಕಿಲೋವ್ಯಾಟಿಗೆ ತಲಾ 30,000, ಮೂರನೆಯದಕ್ಕೆ 18,000 ಸಹಾಯಧನ. 78,000 ಎಂಬ ಅಂಕಿ ಪೋಸ್ಟರಿನಲ್ಲಿ ಚೆನ್ನಾಗಿ ಕಾಣುತ್ತದೆ. ಸಹಾಯಧನ ಇಳಿಯುವ ಮೂರನೆಯದರಲ್ಲೇ ಉಳಿತಾಯವೂ ಇಳಿಯುತ್ತದೆ ಎಂಬುದನ್ನು ಪೋಸ್ಟರು ಹೇಳುವುದಿಲ್ಲ. ಕರೆಂಟು ಹೋದಾಗ ಬ್ಯಾಟರಿ ಇಲ್ಲದ ಸೋಲಾರೂ ನಿಂತುಬಿಡುತ್ತದೆ ಎಂಬುದನ್ನೂ ಹೇಳುವುದಿಲ್ಲ. ತಂತಿಯಲ್ಲಿ ಕೆಲಸ ಮಾಡುವ ಲೈನ್‌ಮನ್‌ನ ಜೀವಕ್ಕಾಗಿ ಅದು ಹಾಗೆ ನಿಲ್ಲಲೇಬೇಕು, ಅದು ಸರಿಯೇ. ಆದರೆ ಪವರ್ ಕಟ್ಟಿಗೆ ಪರಿಹಾರ ಎಂದು ಕೊಂಡವರಿಗೆ ಮೊದಲ ಮಳೆಗಾಲದಲ್ಲೇ ನಿರಾಸೆ ಕಾದಿರುತ್ತದೆ.

ಇಷ್ಟೆಲ್ಲ ಲೆಕ್ಕ ಸ್ವಂತ ತಾರಸಿ ಇದ್ದವರಿಗೆ ಸರಿ. ಮಣಿಕೊಂಡದಲ್ಲಿ ಅಂಥವರು ಎಷ್ಟು ಮಂದಿ? ಅಲ್ಲಿನ ಓಣಿಗಳು ಐದಂತಸ್ತಿನ ಅಪಾರ್ಟ್‌ಮೆಂಟುಗಳ ಸಾಲು. ಹತ್ತು ಮನೆಗೋ ಹದಿನೈದು ಮನೆಗೋ ಇರುವುದು ಒಂದೇ ತಾರಸಿ. ಅಲ್ಲಿ ನೀರಿನ ಟ್ಯಾಂಕು, ಲಿಫ್ಟಿನ ಕೋಣೆ, ಬಟ್ಟೆ ಒಣಗಿಸುವ ಹಗ್ಗ. 2016ರ ರೇರಾ ಕಾಯ್ದೆ ತಾರಸಿಯನ್ನು ಸಾಮಾನ್ಯ ಜಾಗಗಳ ಪಟ್ಟಿಯಲ್ಲಿ ಸೇರಿಸಿದೆ, ಅಂದರೆ ಅದು ಎಲ್ಲರದು. ವ್ಯವಹಾರದಲ್ಲಿ ಅದು ಮೇಲಿನ ಮಹಡಿಯವರದೋ, ಮೊದಲು ಕೇಳಿದವರದೋ ಆಗಿರುತ್ತದೆ. ಮೀಟರು ಮಾಲೀಕರ ಹೆಸರಿನಲ್ಲಿರುತ್ತದೆ, ಬಿಲ್ಲು ಕಟ್ಟುವವರು ಬಾಡಿಗೆದಾರರು. ಹನ್ನೊಂದು ತಿಂಗಳ ಕರಾರಿನವರು ಇಪ್ಪತ್ತೈದು ವರ್ಷ ಬಾಳುವ ಪ್ಯಾನೆಲ್ಲಿಗೆ ಯಾಕೆ ದುಡ್ಡು ಹಾಕುತ್ತಾರೆ? ಬಿಲ್ಲೇ ಕಟ್ಟದ ಮಾಲೀಕರು ತಾನೇ ಯಾಕೆ ಹಾಕುತ್ತಾರೆ?

ಒಂದು ಅಂದಾಜು ಮಾಡಿ ನೋಡಬಹುದು. ಕಿಲೋವ್ಯಾಟಿಗೆ ನೂರು ಚದರಡಿ ನೆರಳಿಲ್ಲದ ಜಾಗ ಬೇಕು. 2,400 ಚದರಡಿಯ ತಾರಸಿಯಲ್ಲಿ ಅರ್ಧ ಸಿಕ್ಕರೂ ಹನ್ನೆರಡು ಕಿಲೋವ್ಯಾಟ್ ಹಿಡಿಯುತ್ತದೆ. ಹತ್ತು ಮನೆಗೆ ಹಂಚಿದರೆ ಮನೆಗೊಂದಕ್ಕಿಂತ ಸ್ವಲ್ಪ ಹೆಚ್ಚು. ಕಡಿಮೆಯಾಯಿತು ಎನಿಸುತ್ತದೆಯೇ? ತಿಂಗಳಿಗೆ 912 ರೂಪಾಯಿ ಉಳಿಸುವ ಕಿಲೋವ್ಯಾಟು ಆ ಮೊದಲನೆಯದೇ. ಇದೇ ಜಾಗದಲ್ಲಿ ನಾಲ್ಕು ಮನೆಯವರು ತಲಾ ಮೂರು ಹಾಕಿಸಿಕೊಂಡರೆ ಆ ನಾಲ್ವರ ಬಿಲ್ಲು ಮಾಯವಾಗುತ್ತದೆ, ಉಳಿದ ಆರು ಮನೆಗಳು 9 ರೂಪಾಯಿಯ ಸ್ಲ್ಯಾಬಿನಲ್ಲೇ ಉಳಿಯುತ್ತವೆ, ಇಡೀ ಕಟ್ಟಡದ ಉಳಿತಾಯವೂ ಕಡಿಮೆಯಾಗುತ್ತದೆ. ತೆಲಂಗಾಣದ ದರಪಟ್ಟಿಯಲ್ಲಿ ತಾರಸಿಯನ್ನು ಹಂಚಿಕೊಳ್ಳುವುದು ಧರ್ಮದ ಮಾತಲ್ಲ, ಲಾಭದ ಮಾತು.

ಹಂಚಲು ಬೇಕಾದದ್ದು ವರ್ಚುವಲ್ ನೆಟ್ ಮೀಟರಿಂಗ್. ಒಂದು ತಾರಸಿಯಲ್ಲಿ ಹುಟ್ಟಿದ ಯೂನಿಟ್ಟನ್ನು ಹತ್ತು ಮೀಟರುಗಳ ಲೆಕ್ಕದಲ್ಲಿ ಕಳೆಯುವ ಪದ್ಧತಿ ಅದು. ದೆಹಲಿ ಇದಕ್ಕೆ 2019ರಲ್ಲೇ ನಿಯಮ ಮಾಡಿತು. ಕೇಂದ್ರ ಸರ್ಕಾರ 2024ರ ಫೆಬ್ರುವರಿಯಲ್ಲಿ ನಿಯಮ ತಿದ್ದಿ, ಹತ್ತು ಕಿಲೋವ್ಯಾಟಿನೊಳಗಿನ ಅರ್ಜಿಗೆ ತಾಂತ್ರಿಕ ಪರಿಶೀಲನೆ ಬೇಡ, ಒಪ್ಪಿಗೆ ಸಿಕ್ಕಿತೆಂದೇ ತಿಳಿಯಬೇಕು ಎಂದಿತು. ಸ್ವಂತ ಮನೆಯವರಿಗೆ ದಾರಿ ಇಷ್ಟು ನುಣ್ಣಗಾಗಿರುವಾಗ ಫ್ಲ್ಯಾಟಿನವರಿಗೂ ಅಷ್ಟೇ ಸಲೀಸು ಆಗಬೇಕೆಂದು ಕೇಳುವುದು ದುರಾಸೆಯಲ್ಲ. ಸಹಾಯಧನ ತೆರಿಗೆ ಹಣದಿಂದ ಬರುತ್ತದೆ. ಆ ತೆರಿಗೆಯನ್ನು ಬಾಡಿಗೆ ಮನೆಯವರೂ ಕಟ್ಟುತ್ತಾರೆ.

ಅಲ್ಲಿಯವರೆಗೆ ಅಸೋಸಿಯೇಷನ್ನಿನ ಕೈಯಲ್ಲಿರುವ ಕೆಲಸ ಒಂದಿದೆ. ಲಿಫ್ಟು, ಬೋರ್‌ವೆಲ್ ಮೋಟಾರು, ಮೆಟ್ಟಿಲ ದೀಪಗಳಿಗೆ ಪ್ರತ್ಯೇಕ ಮೀಟರು ಇದ್ದೇ ಇರುತ್ತದೆ, ಅದರ ಬಿಲ್ಲು ಮೇಂಟೆನೆನ್ಸಿನಲ್ಲಿ ಸೇರಿ ಎಲ್ಲರ ಮೇಲೂ ಬೀಳುತ್ತದೆ. ಈ ಸಾಮಾನ್ಯ ಬಳಕೆಗೆ ಸೂರ್ಯಘರ್‌ನಲ್ಲಿ ನಿವಾಸಿ ಸಂಘಗಳಿಗೆ ಕಿಲೋವ್ಯಾಟಿಗೆ 18,000 ರೂಪಾಯಿ ಸಹಾಯಧನವಿದೆ. ಅಸೋಸಿಯೇಷನ್ ಹಾಕಿಸಿದರೆ ಬಾಡಿಗೆದಾರರಿಗೂ ಮೇಂಟೆನೆನ್ಸ್ ಇಳಿಯುತ್ತದೆ, ಮಾಲೀಕರ ಸಹಿಗೆ ಕಾಯಬೇಕಿಲ್ಲ, ಮನೆ ಬದಲಿಸಿದರೆ ಪ್ಯಾನೆಲ್ ಏನು ಮಾಡುವುದೆಂಬ ಚಿಂತೆಯಿಲ್ಲ. ಮುಂದಿನ ಸಭೆಗೆ ಯಾರಾದರೂ ಆ ಮೀಟರಿನ ಹನ್ನೆರಡು ತಿಂಗಳ ಬಿಲ್ಲುಗಳನ್ನು ತಂದರೆ ಸಾಕು. ಪಾರ್ಕಿಂಗ್ ಜಗಳ ಅರ್ಧ ಗಂಟೆ ಮುಂದೆ ಹೋಗಲಿ.