ಬಲೆ ಹೊದಿಸಿದರೆ ಬಿರುಕು ಮುಚ್ಚೀತು, ತುಕ್ಕು ನಿಂತೀತೇ?

ಕೋಲ್ಕತಾ: ಕಳೆದ ಮಳೆಗಾಲದ ಒಂದು ಬೆಳಿಗ್ಗೆ, ಲೇಕ್ ಗಾರ್ಡನ್ಸ್ ಪರಿಸರದಲ್ಲಿ ನಾವು ವಾಸಿಸುವ ಹಳೆಯ ಕಟ್ಟಡದ ಸಜ್ಜಾದಿಂದ ಎರಡು ಇಟ್ಟಿಗೆ ಗಾತ್ರದ ಕಾಂಕ್ರೀಟ್ ತುಂಡು ಕಳಚಿ ಬಿತ್ತು. ಕೆಳಮಹಡಿಯ ಹಿರಿಯರೊಬ್ಬರು ಅದೇ ಜಾಗದಲ್ಲಿ ನಿಂತು ಪೇಪರ್ ಹುಡುಗನೊಡನೆ ಮಾತನಾಡಿ ಒಳಗೆ ಹೋಗಿ ಐದು ನಿಮಿಷವೂ ಆಗಿರಲಿಲ್ಲ. ದೇವರು ದೊಡ್ಡವನು ಎಂದು ಎಲ್ಲರೂ ಕೈಮುಗಿದೆವು. ಮುಂದಿನ ಭಾನುವಾರವೇ ಕಮಿಟಿ ಸಭೆ ಸೇರಿತು.

ಸಭೆಗೆ ಬಂದ ಗುತ್ತಿಗೆದಾರರೊಬ್ಬರು ಕಂಕುಳಲ್ಲಿ ಬಿಳಿ ಬಲೆಯ ಸುರುಳಿಯೊಂದನ್ನು ಹಿಡಿದು ತಂದಿದ್ದರು. "ಇದು ಜರ್ಮನಿಯ ಟೆಕ್ನಾಲಜಿ ದಾದಾ. ಕಬ್ಬಿಣವೇ ಬೇಡ. ಬಲೆ ಹೊದಿಸಿ ಮೇಲೆ ಸಿಮೆಂಟ್ ಹಚ್ಚಿದರೆ ಐವತ್ತು ವರ್ಷ ಗ್ಯಾರಂಟಿ" ಎಂದರು. ಉಳಿದವರ ಕೊಟೇಶನ್ನಿಗಿಂತ ಅರ್ಧ ಬೆಲೆ. ಕೈಗಳು ಮೇಲೇಳುವುದರಲ್ಲಿದ್ದವು. ನಾಲ್ಕು ದಶಕ ಸಿವಿಲ್ ಕಾಮಗಾರಿಗಳಲ್ಲೇ ಕಳೆದ ನಾನು ಅಡ್ಡಬಾಯಿ ಹಾಕಬೇಕಾಯಿತು.

ಅವರು ಹೇಳಿದ್ದು ಪೂರ್ತಿ ಸುಳ್ಳಲ್ಲ. ಕಬ್ಬಿಣದ ಸರಳಿನ ಬದಲು ಗಾಜಿನ ಅಥವಾ ಕಾರ್ಬನ್ ನೂಲನ್ನು ಹಾಸುಹೊಕ್ಕಾಗಿ ಹೆಣೆದು, ನುಣುಪು ಗಾರೆಯೊಳಗೆ ಕೂರಿಸುವ ವಿದ್ಯೆ ಜರ್ಮನಿಯ ಡ್ರೆಸ್ಡೆನ್ ಮತ್ತು ಆಹೆನ್ ವಿಶ್ವವಿದ್ಯಾಲಯಗಳಲ್ಲಿ ಬೆಳೆದದ್ದು. 2010ರಲ್ಲಿ ಅಲ್ಲಿನ ಆಲ್ಬ್‌ಸ್ಟಾಟ್‌ನಲ್ಲಿ ಸುಮಾರು 97 ಮೀಟರ್ ಉದ್ದದ ಕಾಲುಸೇತುವೆಯನ್ನೇ ಹೀಗೆ ಕಟ್ಟಿದರು. ಆದರೆ ಅದರಲ್ಲೂ ಬಲೆಯ ಜೊತೆಗೆ ಉಕ್ಕಿನ ತಂತಿಗಳನ್ನು ಎಳೆದು ಬಿಗಿದಿದ್ದರು ಎಂಬುದನ್ನು ನಮ್ಮ ಗುತ್ತಿಗೆದಾರರು ಹೇಳಲಿಲ್ಲ. ನಮ್ಮ ದೇಶದಲ್ಲಿ ಚೆನ್ನೈನ ಸಿಎಸ್‌ಐಆರ್-ಎಸ್‌ಇಆರ್‌ಸಿ ಸಂಸ್ಥೆಯೂ ಈ ಕುರಿತು ಸಂಶೋಧನೆ ನಡೆಸಿದೆ.

ಇದರ ಲಾಭವೇನು? ಕಾಂಕ್ರೀಟು ಭಾರವನ್ನು ಹೊರುತ್ತದೆ, ಎಳೆತವನ್ನು ತಾಳದು. ಅದಕ್ಕೇ ಒಳಗೆ ಸರಳು ಬೇಕು. ಸರಳಿಗೆ ತುಕ್ಕು ಹಿಡಿಯದಂತೆ ಅದರ ಮೇಲೆ ಕಾಂಕ್ರೀಟಿನ ಹೊದಿಕೆ ಬೇಕು. ಸಾಧಾರಣ ಹವೆಗೆ 30 ಮಿಲಿಮೀಟರ್, ಕಠಿಣ ಹವೆಗೆ 45 ಎನ್ನುತ್ತದೆ ನಮ್ಮ ಐಎಸ್ 456 ಸಂಹಿತೆ. ನೂಲಿಗೆ ತುಕ್ಕಿನ ಭಯವಿಲ್ಲ. ಆದುದರಿಂದ ಒಂದೆರಡು ಸೆಂಟಿಮೀಟರ್ ದಪ್ಪದ ಪದರವೂ ಸಾಕಾಗುತ್ತದೆ. ಹಳೆಯ ಕಟ್ಟಡಕ್ಕೆ ಹೆಚ್ಚು ಭಾರವೂ ಬೀಳದು. ಎಳೆತ ಬಂದಾಗ ಒಂದೇ ದೊಡ್ಡ ಬಿರುಕಿನ ಬದಲು ಕೂದಲೆಳೆಯಂಥ ಹತ್ತಾರು ಬಿರುಕು ಮೂಡುತ್ತವೆ, ಆಮೇಲೆ ಹೊರೆಯನ್ನು ಬಲೆ ವಹಿಸಿಕೊಳ್ಳುತ್ತದೆ.

ನೂಲಿನಂತೆ ಸೀರೆ ಎಂಬ ಮಾತು ಇಲ್ಲಿ ಅಕ್ಷರಶಃ ಸತ್ಯ. ಸಿಮೆಂಟಿನ ಕ್ಷಾರ ಸಾಮಾನ್ಯ ಗಾಜಿನ ಎಳೆಯನ್ನು ಕಾಲಕ್ರಮೇಣ ತಿಂದುಹಾಕುತ್ತದೆ. ಕ್ಷಾರ ತಾಳಲು ಜಿರ್ಕೋನಿಯಾ ಬೆರೆಸಿದ ಬೇರೆಯೇ ಗಾಜು ಬೇಕು. ಬಂಗಾಳದಲ್ಲಿ ಸೆಣಬಿಗೇನು ಬರವೇ, ಅದನ್ನೇ ಹಾಕೋಣ ಎಂದರು ಸಭೆಯಲ್ಲಿ ಒಬ್ಬರು. ದೇಶದ ಮೊದಲ ಸೆಣಬಿನ ಗಿರಣಿ 1855ರಲ್ಲಿ ಇಲ್ಲಿಯ ರಿಷ್ರಾದಲ್ಲೇ ಶುರುವಾದದ್ದು ನಿಜ. ಆದರೆ ಸಂಸ್ಕರಿಸದ ಸೆಣಬನ್ನೂ ಅದೇ ಕ್ಷಾರ ಹಾಳುಮಾಡುತ್ತದೆ.

ಇನ್ನೊಂದು ಸೂಕ್ಷ್ಮವಿದೆ. ಬಲೆಯ ಒಂದೊಂದು ಎಳೆಯಲ್ಲೂ ನೂರಾರು, ಸಾವಿರಾರು ತಂತುಗಳಿರುತ್ತವೆ. ಗಾರೆ ಹಿಡಿಯುವುದು ಹೊರಗಿನ ತಂತುಗಳನ್ನು ಮಾತ್ರ, ಒಳಗಿನವು ಜಾರುತ್ತವೆ. ಕೂಡುಕುಟುಂಬದಲ್ಲಿ ಇಬ್ಬರೇ ದುಡಿದಂತೆ! ಎಲ್ಲವೂ ಒಟ್ಟಿಗೆ ದುಡಿಯಬೇಕಾದರೆ ಎಪಾಕ್ಸಿಯಂಥ ಅಂಟಿನಲ್ಲಿ ಎಳೆಯನ್ನು ನೆನೆಸಿರಬೇಕು. ಅಲ್ಲದೆ ಕಬ್ಬಿಣ ಸೋಲುವ ಮುನ್ನ ಹಿಗ್ಗುತ್ತದೆ, ಬಾಗುತ್ತದೆ, ಮನೆಯವರಿಗೆ ಹೊರಗೋಡಲು ಸಮಯ ಕೊಡುತ್ತದೆ. ನೂಲು ಕೊನೆಯ ತನಕ ಬಿಗಿಯಾಗಿದ್ದು ಒಮ್ಮೆಲೇ ತುಂಡಾಗುತ್ತದೆ. ಆದ್ದರಿಂದ ಎಷ್ಟು ಪದರ, ಎಷ್ಟು ಹೊರೆ ಎಂಬ ಲೆಕ್ಕವನ್ನು ಇಂಜಿನಿಯರರೇ ಹಾಕಬೇಕು, ಮೇಸ್ತ್ರಿಯಲ್ಲ.

"ಇದು ಯಾವ ನೂಲು? ಟೆಸ್ಟ್ ಸರ್ಟಿಫಿಕೇಟ್ ಎಲ್ಲಿ?" ಎಂದು ಕೇಳಿದೆ. ಉತ್ತರವಿರಲಿಲ್ಲ. ಅದು ಪ್ಲಾಸ್ಟರ್ ಬಿರುಕು ಬಿಡದಿರಲೆಂದು ಹಾರ್ಡ್‌ವೇರ್ ಅಂಗಡಿಯಲ್ಲಿ ಮಾರುವ ಮಾಮೂಲಿ ಬಲೆ. ಮರುದಿನ ಸುತ್ತಿಗೆಯಿಂದ ಸಜ್ಜಾಗಳನ್ನು ತಟ್ಟಿ ನೋಡಿದೆವು. ಹಲವು ಕಡೆ ಟೊಳ್ಳು ಸದ್ದು. ಕೆತ್ತಿಸಿದರೆ ಸರಳು ಪದರಪದರವಾಗಿ ಉದುರಿತು. ತುಕ್ಕು ಮೂಲ ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಬೇಡುತ್ತದೆ, ಒಳಗಿನಿಂದಲೇ ಕಾಂಕ್ರೀಟನ್ನು ಸೀಳುತ್ತದೆ. ಅದರ ಮೇಲೆ ಎಂಥ ಬಲೆ ಹೊದಿಸಿದರೂ ಮೇಲೆ ಥಳುಕು, ಒಳಗೆ ಹುಳುಕು. ಮುಂದಿನ ಬಾರಿ ಬೀಳುವಾಗ ಬಲೆಯೂ ಜೊತೆಗೇ ಬೀಳುತ್ತದೆ.

ಕೊನೆಗೆ ಇಂಜಿನಿಯರೊಬ್ಬರಿಂದ ತಪಾಸಣೆ ಮಾಡಿಸಿ, ಸಡಿಲ ಕಾಂಕ್ರೀಟು ತೆಗೆಸಿ, ತುಕ್ಕು ಉಜ್ಜಿಸಿ, ಸವೆದಲ್ಲಿ ಹೊಸ ಸರಳು ಸೇರಿಸಿದೆವು. ಖರ್ಚು ಹೆಚ್ಚಾಯಿತು, ಕೆಲವರು ಇನ್ನೂ ಮುನಿಸಿಕೊಂಡಿದ್ದಾರೆ. ರಿಪೇರಿಯೇ ಅಪಾಯ ತರಬಲ್ಲದೆಂಬುದಕ್ಕೆ ನಮ್ಮ ನೆರೆಯ ಬಾಘಾಜತೀನ್ ಸಾಕ್ಷಿ. 2025ರ ಜನವರಿಯಲ್ಲಿ ಅಲ್ಲಿ ನಾಲ್ಕಂತಸ್ತಿನ ಕಟ್ಟಡವೊಂದು ಜಾಕ್ ಕೊಟ್ಟು ಎತ್ತುವ ಕೆಲಸ ನಡೆದಿರುವಾಗಲೇ ಪಕ್ಕಕ್ಕೆ ವಾಲಿತು. ನಿವಾಸಿಗಳು ಮೊದಲೇ ಹೊರಗಿದ್ದುದರಿಂದ ಜೀವಗಳು ಉಳಿದವು.

ಮುಂಬಯಿಯ ನಮ್ಮ ಬಂಧುಗಳಿಗೆ ಇದು ಹೊಸತಲ್ಲ. ಅಲ್ಲಿ 30 ವರ್ಷ ದಾಟಿದ ಕಟ್ಟಡಗಳಿಗೆ ಮಹಾನಗರ ಪಾಲಿಕೆ ಕಾಯಿದೆಯ 353ಬಿ ಕಲಮಿನಡಿ ಸ್ಟ್ರಕ್ಚರಲ್ ಆಡಿಟ್ ಕಡ್ಡಾಯ. ಆದರೆ ಕಾನೂನು ಕೇಳಲಿ, ಬಿಡಲಿ, ಹೊರನಾಡಿನ ಪ್ರತಿಯೊಂದು ಕನ್ನಡ ಸಂಘವೂ ತನ್ನ ಭವನದ ತಪಾಸಣೆಯನ್ನು ವಾರ್ಷಿಕ ಮಹಾಸಭೆಯ ವಿಷಯಪಟ್ಟಿಗೆ ಸೇರಿಸಬೇಕು ಎಂಬುದು ನನ್ನ ವಿನಂತಿ. ಹಿರಿಯರು ಕಾಸಿಗೆ ಕಾಸು ಕೂಡಿಸಿ ಕಟ್ಟಿದ ಭವನಗಳಿವು. ರಾಜ್ಯೋತ್ಸವದಂದು ಅದರ ವೇದಿಕೆಯ ಮೇಲೆ ಕುಣಿಯುವವರು ನಮ್ಮದೇ ಮಕ್ಕಳು. ಬಣ್ಣ ಬಳಿಸಲು, ಹೊಸ ಪರದೆ ಹಾಕಿಸಲು ದಾನಿಗಳು ಸಿಗುತ್ತಾರೆ; ಗೋಡೆಗೆ ಅವರ ಹೆಸರಿನ ಫಲಕವೂ ಏರುತ್ತದೆ. ಸ್ಲ್ಯಾಬಿನ ತುಕ್ಕು ತೆಗೆಸಿದವರಿಗೆ ಫಲಕವಿಲ್ಲ. ಆದರೂ ಈ ವರ್ಷದ ಮೊದಲ ದೇಣಿಗೆ ಅದಕ್ಕೇ ಸಲ್ಲಲಿ.

ಹೊಸ ವಿದ್ಯೆ ಬರಲಿ, ಸ್ವಾಗತಿಸೋಣ. ಆದರೆ ಬಲೆಯ ಬೆಲೆ ಕೇಳುವ ಮೊದಲು ಸುತ್ತಿಗೆಯ ಸದ್ದು ಕೇಳೋಣ.